ಸಜ್ಜೆ ಹಿಟ್ಟಿನಲ್ಲಿ ಆರು ಸ್ಕ್ರೂ

ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕು ಜಾಲಾಡಿದರೂ, ತನ್ನ ಟ್ರ್ಯಾಕ್ಟರಿಗೆ ತಾನೇ ಹೆದರುವ ಮನುಷ್ಯ ನಿಮಗೆ ನಮ್ಮ ಕಾಕಾ ಒಬ್ಬನೇ ಸಿಗುತ್ತಿದ್ದ. ಮಟಕಿಯ ಹತ್ತಿರದ ನಮ್ಮೂರಿಗೆಲ್ಲ ಅದೊಂದೇ ಟ್ರ್ಯಾಕ್ಟರು. ಸೊಲ್ಲಾಪುರದ ಕಡೆಯವರೊಬ್ಬರು ವರ್ಷಾನುಗಟ್ಟಲೆ ದುಡಿಸಿ, ಸಾಕಾಗಿ ಬಿಟ್ಟದ್ದನ್ನು ಕೊಂಡು ತಂದಿದ್ದ. ಅದು ಯುದ್ಧದ ಕಾಲ, ಸೀಮೆಎಣ್ಣೆಗೆ ಬರ. ಸಿಕ್ಕದ್ದರಲ್ಲಿ ಅರ್ಧ ಟ್ರ್ಯಾಕ್ಟರಿನ ಹೊಟ್ಟೆಗೆ, ಇನ್ನರ್ಧ ಅದರ ಬ್ರೇಕ್ ಡ್ರಮ್ಮಿನ ಸ್ಕ್ರೂ ನೆನೆಸುವುದಕ್ಕೆ. ಮನೆಯ ಕಂದೀಲಿಗೆ? ಅದನ್ನು ನಮ್ಮ ಕಾಕಿಯನ್ನು ಕೇಳಬೇಕು!

ಎಲ್ಲಿಗೇ ಹೊರಡಲಿ, ಮೊದಲು ಗಾಲಿ ಬಿಚ್ಚಬೇಕು. ಆಮೇಲೆ ಡ್ರಮ್ಮಿನ ಸ್ಕ್ರೂಗಳು, ಆ ಕಡೆ ಮೂರು, ಈ ಕಡೆ ಮೂರು. ತುಕ್ಕು ಹಿಡಿದು ಕಚ್ಚಿಕೊಂಡವಕ್ಕೆ ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ಬಡಿದು, ತಿರುವಿ ತೆಗೆದು, ಒಳಗೆ ಇಣುಕಿ, ಎಲ್ಲ ಸರಿಯಿದೆಯೆಂದು ಖಾತ್ರಿ ಮಾಡಿಕೊಂಡು ಮತ್ತೆ ಹಾಕುವುದು. ಹಾಕಿದ ಮೇಲೆ ಬಿಗಿಯಾಯಿತೋ ಇಲ್ಲವೋ ಎಂಬ ಅನುಮಾನ. ಅನುಮಾನ ಬಂದ ಮೇಲೆ ಬಿಚ್ಚದೆ ಇರುವುದು ಹೇಗೆ? ಅಷ್ಟರಲ್ಲಿ ಪಕ್ಕದ ಮನೆಯ ಎತ್ತುಗಳು ಹೊಲ ಉತ್ತು ಮನೆಗೆ ಬಂದಿರುತ್ತಿದ್ದವು.

ಒಂದು ತೂತಿನ ಸ್ಕ್ರೂ ಇನ್ನೊಂದು ತೂತಿಗೆ ಹೋಗಬಾರದೆಂಬುದು ಅವನ ನೇಮ. ನೆಲದ ಮೇಲಿಟ್ಟರೆ ಉರುಳುತ್ತವೆ. ಅದಕ್ಕೆ ಅಡುಗೆಮನೆಯ ಹಿಟ್ಟು ನಾದುವ ಪರಾತದಲ್ಲಿ ಹಿಟ್ಟು ಹರವಿ, ಅದರಲ್ಲಿ ಸಾಲಾಗಿ ನೆಟ್ಟಿಡುತ್ತಿದ್ದ.

“ನಮ್ಮ ಮನಿ ರೊಟ್ಟಿಗಿ ಎಣ್ಣಿ ಹಚ್ಚೂದ ಬ್ಯಾಡ ತಂಗಿ, ಹಿಟ್ಟಿನ್ಯಾಗ ಮೊದಲೇ ಅದ” ಎನ್ನುತ್ತಿದ್ದಳು ಕಾಕಿ ನನಗೆ.

ಇಷ್ಟೆಲ್ಲ ಮಾಡಿಯೂ ಆ ದೀಪಾವಳಿಯಲ್ಲಿ ಹಳ್ಳದ ಇಳಿಜಾರಿಗೆ ಬ್ರೇಕು ಹಿಡಿಯಲಿಲ್ಲ. ಕಾಕಾ ಜಾಲಿಕಂಟಿಗೆ ಹಾರಿ ಉಳಿದುಕೊಂಡ. ಹಬ್ಬಕ್ಕೆಂದು ಜೇವರ್ಗಿಯ ಗಂಡನ ಮನೆಯಿಂದ ಬಂದಿದ್ದ ನಾನೂ ಕಾಕಿಯೂ ಕೂತು ಅವನ ಮೈಯ ಮುಳ್ಳು ತೆಗೆದೆವು. ಬೈಯದ ಕಾಕಿಯನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ನಿಜವಾಗಿ ಹೆದರಿಕೆಯಾಗಿದ್ದು ಆಗಲೇ.

ಮುಂದೆ ಎಳ್ಳಮಾವಾಸ್ಯೆಗೆ ನಾನು ಮತ್ತೆ ತವರಿಗೆ ಬಂದೆ. ಊರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ ಉಣ್ಣುವ ಹಬ್ಬ. ಬ್ರೇಕು ರಿಪೇರಿಯಾಗಿದೆ, ಟ್ರ್ಯಾಕ್ಟರಿನ ಹಿಂದೆ ಬಂಡಿ ಕಟ್ಟಿ ಮನೆಯ ಹೆಂಗಸರನ್ನೆಲ್ಲ ಕರೆದೊಯ್ಯುತ್ತೇನೆ ಎಂದು ಕಾಕಾ ಸಾರಿಬಿಟ್ಟ. ಅದೇ ಇಳಿಜಾರಿನಲ್ಲಿ! ಬೆಳಿಗ್ಗೆ ಗಾಲಿ ಬಿಚ್ಚಿದ. ಅವತ್ತು ಪರಾತದಲ್ಲಿದ್ದದ್ದು ಸಜ್ಜೆ ಹಿಟ್ಟು. ತಿರುಗಿ ಹಾಕಲು ನೋಡಿದರೆ ಸ್ಕ್ರೂ ಐದೇ!

ಕಡಬಿಗೆ ಹಿಟ್ಟು ಸಾಲದೆ ಆ ಪರಾತದಿಂದ ಎರಡು ಮುಷ್ಟಿ ಬಾಚಿಕೊಂಡವಳು ನಾನೇ. ಕಡಬು ಆಗಲೇ ಬೆಂದು ಬುಟ್ಟಿ ಸೇರಿದ್ದವು. ಯಾರ ಗಂಟಲಲ್ಲಿ ಸಿಕ್ಕಿಕೊಂಡೀತೋ!

“ಮುರಿದು ನೋಡೂಣು” ಎಂದೆ.

“ಚರಗಾ ಚೆಲ್ಲೋ ಮೊದಲ ಕಡಬು ಮುರೀಬಾರ್ದು ಬೇ” ಎಂದಳು ಆಯಿ, ಕಾಕಾನ ತಾಯಿ. ಅವಳಿಗೆ ಉಳಿದಿದ್ದದ್ದು ಒಂದೇ ಹಲ್ಲು, ಹೆಚ್ಚಿನ ಅಪಾಯ ಅದಕ್ಕೇ.

ಕಾಕಾ ಬುಟ್ಟಿಯ ಮುಂದೆ ಕೂತು, ವೈದ್ಯರು ಹೊಟ್ಟೆ ಒತ್ತಿ ನೋಡಿದ ಹಾಗೆ ಒಂದೊಂದೇ ಕಡಬನ್ನು ಹಿಚುಕಿದ. ಎಲ್ಲವೂ ಚಪ್ಪಟೆಯಾದವೇ ಹೊರತು ಸ್ಕ್ರೂ ಸಿಗಲಿಲ್ಲ.

“ಐದರ ಮ್ಯಾಲ ನಡ್ಯಂಗಿಲ್ಲೇನಲೇ?” ಎಂದಳು ಆಯಿ.

“ಇಲ್ಲವ್ವಾ. ನಡಕೊಂಡೇ ಹೋಗೂಣು.”

ತಲೆಯ ಮೇಲೆ ಬುಟ್ಟಿ ಹೊತ್ತು ಎಲ್ಲರೂ ನಡೆದೆವು. ಇಳಿಜಾರಿನಲ್ಲಿ ಕಾಕಾ ಆಯಿಯ ಕೈ ಹಿಡಿದು ಇಳಿಸಿದ. ಹೊಲದಲ್ಲಿ ಚರಗ ಚೆಲ್ಲಿ ಉಣ್ಣಲು ಕೂತಾಗ, ನಾನು ಮಾತ್ರ ಪ್ರತಿ ತುತ್ತನ್ನೂ ನಾಲಿಗೆಯಿಂದ ತಡವಿ ನುಂಗಿದೆ. ಊಟ ಮುಗಿದು ಕಾಕಿ ಅಡಿಕೆಗೆಂದು ಸೆರಗಿನ ಗಂಟು ಬಿಚ್ಚಿದಳು. ಅಡಿಕೆಯ ಜೊತೆಗೆ, ಸಜ್ಜೆ ಹಿಟ್ಟು ಮೆತ್ತಿದ ಸ್ಕ್ರೂ! ಅವಳು ತಟ್ಟನೆ ಮುಷ್ಟಿ ಮುಚ್ಚಿದಳು.

“ಯಾರಿಗೂ ಹೇಳಬ್ಯಾಡ ತಂಗಿ. ಬ್ಯಾಡಂದ್ರ ಕೇಳೂ ಮನುಷಾ ಅಲ್ಲ. ಅವರಿಗಿ ಏನರೆ ಆದ್ರ, ನಾ ಯಾರಿಗಿ ಬೈಕೋತ ಕೂಡ್ಲಿ?”

ನಾನು ಹೇಳಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಕಾಕಾ ಉಳಿದ ಐದು ಸ್ಕ್ರೂಗಳನ್ನು ತಂದು ರೊಟ್ಟಿ ಬಡಿಯುತ್ತಿದ್ದ ಕಾಕಿಯ ಮುಂದಿಟ್ಟ.

“ಇವೂ ನಿನ್ನ ಸೆರಗಿನ್ಯಾಗೇ ಇರಲಿ. ನೀ ಕೊಟ್ಟಾಗ ಹಾಕ್ತೇನಿ.”

ಕಾಕಿಯ ಕೈ ರೊಟ್ಟಿಯ ಮೇಲೆ ನಿಂತುಬಿಟ್ಟಿತು. “ಗೊತ್ತಿತ್ತೇನ್ರಿ?”

“ಗಂಟ ಹಾಕೂದು ನೋಡಿದ್ದೆ. ಅಷ್ಟ ಮಂದ್ಯಾಗ ನಿನಗ ಹ್ಯಾಂಗ ಕೇಳ್ಲಿ? ಅದಕ್ಕ ಕಡಬು ಹಿಚುಕ್ದೆ.”

ಕಾಕಿ ಕಣ್ಣೊರೆಸಿಕೊಂಡಳು, ಕೆನ್ನೆಗೆಲ್ಲ ಹಿಟ್ಟು. ಅಂದಿನಿಂದ ಟ್ರ್ಯಾಕ್ಟರಿನ ಗಾಲಿ ಬಿಚ್ಚಿದಾಗಲೆಲ್ಲ ಅವಳು ಪಕ್ಕದಲ್ಲಿ ಕೂತು, ಸೆರಗಿನಿಂದ ಒಂದೊಂದೇ ಸ್ಕ್ರೂ ತೆಗೆದು ಕೊಡುತ್ತಿದ್ದಳು.

“ಬಿಗಿ ಆತೇನ್ರಿ?”

“ಆತು.”

“ಇನ್ನೊಮ್ಮಿ ನೋಡ್ರಿ.”

ಕಾಕಾ ಇನ್ನೊಮ್ಮೆ ನೋಡುತ್ತಿದ್ದ.