ಎರಡು ಸೆಕೆಂಡಿನ ಉಳಿತಾಯ

ಹೆಂಡತಿ ಭಾನುವಾರ ಬಂತೆಂದರೆ ಪರದೇಶದಲ್ಲಿ ತಮ್ಮನ ಮನೆಯಲ್ಲಿರುವ ತನ್ನ ತಾಯಿಗೆ ಮೊಬೈಲ್ ಹಚ್ಚಿ ಮುಕ್ಕಾಲು ಗಂಟೆ ಮಾತಾಡುತ್ತಾಳೆ ಎಂಬುದು ಸೆಕೆಂಡ್ ಸಾಹೇಬರ ದೂರಲ್ಲ. ಆ ಮುಕ್ಕಾಲು ಗಂಟೆಯಲ್ಲಿ ಹದಿಮೂರು ನಿಮಿಷ ಆಕೆ ಬಾಯಿ ಮುಚ್ಚಿಕೊಂಡು ಸುಮ್ಮನೆ ಕೂತಿರುತ್ತಾಳೆ ಎಂಬುದೇ ದೂರು. (ಉಳಿದ ಆರು ದಿನ ಅಂಥ ಹದಿಮೂರು ನಿಮಿಷದ ಮೌನಕ್ಕಾಗಿ ಅವರು ಹಂಬಲಿಸುತ್ತಿದ್ದರು ಎಂಬುದು ಬೇರೆ ಮಾತು.)

ಸಾಹೇಬರದು ಗಡಿಯಾರ ರಿಪೇರಿ ಅಂಗಡಿ. ಸೆಕೆಂಡು ಪೋಲಾದರೆ ಅವರಿಗೆ ಹೊಟ್ಟೆಯುರಿ. ಬೀದಿಯವರು ಅದಕ್ಕೇ ಆ ಬಿರುದು ದಯಪಾಲಿಸಿದ್ದರು.

"ಒಂದು ಮಾತು ಆಡ್ತೀಯ, ಎರಡು ಸೆಕೆಂಡು ಬೆಪ್ಪಾಗಿ ಕೂರ್ತೀಯ. ಮತ್ತೊಂದು ಮಾತು, ಮತ್ತೆರಡು ಸೆಕೆಂಡು. ಯಾಕೆ?"

"ದೂರದ ಕಾಲ್ ಕಣ್ರೀ, ಮಾತು ಹೋಗಿ ಬರ್ಬೇಕಲ್ಲ. ಕಾಯ್ಬೇಕು."

"ಮಾತೇನು ನಡ್ಕೊಂಡು ಹೋಗುತ್ತಾ? ಮೊಬೈಲ್ ಇಲ್ಲಿ ಕೊಡು, ಎರಡೇ ನಿಮಿಷದಲ್ಲಿ ಮುಗಿಸ್ತೀನಿ."

ಸಾಹೇಬರ ಈ ಉತ್ಸಾಹದ ಹಿಂದೆ ಒಂದು ರಾಜತಾಂತ್ರಿಕ ಉದ್ದೇಶವಿತ್ತು. ಬರುವ ತಿಂಗಳು ಅತ್ತೆ ಎರಡು ತಿಂಗಳ ಮಟ್ಟಿಗೆ ಊರಿಗೆ ಬರುವವರಿದ್ದರು. ಹೋದ ಸಲ ಬಂದಾಗ, "ಟಿಕ್ ಟಿಕ್ ಅಂತಿದ್ರೆ ತಲೆ ಸಿಡಿಯುತ್ತೆ" ಎಂದು ಮನೆಯ ಹನ್ನೊಂದು ಗೋಡೆ ಗಡಿಯಾರಗಳ ಲೋಲಕಗಳನ್ನೂ ಹಿಡಿದು ನಿಲ್ಲಿಸಿದ್ದರು. ಹನ್ನೊಂದೂ ಸತ್ತ ಮನೆಯಲ್ಲಿ ಸಾಹೇಬರು ಮೂರು ವಾರ ಊಟ ಸೇರದೆ ಓಡಾಡಿದ್ದರು. ಈ ಸಲ ಅತ್ತೆ ದೊಡ್ಡ ಮಗಳ ಮನೆಯಲ್ಲಿ, ಅಂದರೆ ಆಚೆ ಬೀದಿಯ ಷಡ್ಡಕನ ಮನೆಯಲ್ಲಿ ಇಳಿದುಕೊಳ್ಳಬೇಕು. ಆದರೆ ಆ ಮಾತು ಅತ್ತೆಯ ಬಾಯಿಂದಲೇ ಬರಬೇಕು. ಅದಕ್ಕಾಗಿ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರು.

ಸೊನ್ನೆಯನ್ನು ಒತ್ತಿ ಹಿಡಿದು ಕೂಡುವ ಚಿಹ್ನೆ ಬರಿಸಿ, ದೇಶದ ಸಂಖ್ಯೆ, ಆಮೇಲೆ ಉಳಿದ ಅಂಕಿಗಳನ್ನೆಲ್ಲ ಒತ್ತಿದರು. ಹೆಂಡತಿಗೂ ಕೇಳಲೆಂದು ಸ್ಪೀಕರ್ ಹಾಕಿ ಕೈಗಡಿಯಾರ ಎದುರಿಗಿಟ್ಟುಕೊಂಡರು.

"ಅತ್ತೆ, ಆರೋಗ್ಯ ಹೇಗಿದೆ?"

ಆ ಕಡೆಯಿಂದ ಸದ್ದಿಲ್ಲ. ಕಾಯುವ ಜಾಯಮಾನ ಸಾಹೇಬರದಲ್ಲ.

"ಮಂಡಿ ನೋವು ಇನ್ನೂ ಇದೆಯಾ?"

"ತುಂಬಾ ಚೆನ್ನಾಗಿದೆ ಅಳಿಯಂದಿರೇ!"

(ನೋವು ಚೆನ್ನಾಗಿದೆಯಂತೆ! ವಯಸ್ಸಾಯಿತಲ್ಲ ಪಾಪ, ಎಂದುಕೊಂಡರು.) ಈಗ ಮುಖ್ಯ ವಿಷಯ. ಶಾಸ್ತ್ರಕ್ಕೊಂದು ಕರೆಯಬೇಕಲ್ಲ.

"ಬಂದಾಗ ನಮ್ಮನೇಲೇ ಇರ್ತೀರಲ್ಲ?"

"ಇಲ್ಲಪ್ಪಾ ಇಲ್ಲ, ಈಗ ಸುತರಾಂ ಇಲ್ಲ!"

ಸಾಹೇಬರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಧ್ವನಿಯಲ್ಲಿ ಆದಷ್ಟು ದುಃಖ ತುಂಬಿಕೊಂಡು ಕೇಳಿದರು.

"ಹಾಗಾದ್ರೆ ದೊಡ್ಡಳಿಯನ ಮನೇಲಾ?"

"ಮತ್ತಿನ್ನೇನು! ಅದೂ ಒಂದು ಕೇಳೋ ಮಾತಾ?"

ಗೆದ್ದೆ! ಗೆದ್ದವನಿಗೆ ಔದಾರ್ಯ ತಾನಾಗಿ ಬರುತ್ತದೆ. ಸಾಹೇಬರಿಗೂ ಬಂತು, ಸ್ವಲ್ಪ ಹೆಚ್ಚೇ ಬಂತು.

"ಏನತ್ತೇ ಹೀಗಂತೀರಿ! ಎರಡು ತಿಂಗಳಲ್ಲ, ಆರು ತಿಂಗಳು ಇದ್ರೂ ನಮಗೆ ಸಾಲದು. ನೀವು ಬಂದ್ರೇನೇ ಈ ಮನೆಗೆ ಕಳೆ!"

ಹೀಗೆಂದು ಕೆಂಪು ಗುಂಡಿ ಒತ್ತಿ, "ಒಂದು ನಿಮಿಷ ಐವತ್ತು ಸೆಕೆಂಡು. ನೋಡಿ ಕಲಿ" ಎಂದರು.

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ಅಳುತ್ತಿರಬೇಕು ಎಂದುಕೊಂಡ ಸಾಹೇಬರಿಗೆ ನಿಜವಾಗಿಯೂ ಕನಿಕರವಾಯಿತು. "ಹೋಗ್ಲಿ ಬಿಡೇ, ಆಚೆ ಬೀದಿ ತಾನೇ" ಎಂದು ಸಮಾಧಾನವನ್ನೂ ಹೇಳಿದರು.

ಸಂಜೆ ಮೊಬೈಲ್ ಮತ್ತೆ ಬಡಿದುಕೊಂಡಿತು. ಹೆಂಡತಿಯೇ ಸ್ಪೀಕರ್ ಹಾಕಿದಳು.

"ಅಳಿಯಂದಿರೇ, ನನ್ನ ಮಾತು ಪೂರ್ತಿ ಕೇಳೋಕ್ಮುಂಚೆ ಕಟ್ ಆಯ್ತು ನೋಡಿ! ಮಂಡಿ ನೋವು ಈಗ ಸುತರಾಂ ಇಲ್ಲ ಅಂದೆನಲ್ಲ, ಆದ್ರೂ ದೊಡ್ಡವಳ ಮನೆ ಮೆಟ್ಟಿಲು ನನಗಾಗಲ್ಲ. ನಿಮ್ಮನೇಲೇ ಇರ್ತೀನಿ. ಆರು ತಿಂಗಳು ಅಂತ ನೀವು ಅಷ್ಟು ಬಾಯ್ತುಂಬ ಕರೆದ್ರಲ್ಲ, ಕಣ್ಣಲ್ಲಿ ನೀರೇ ಬಂತು. ಟಿಕೆಟ್ ಬದಲಾಯಿಸಿಬಿಟ್ಟೆ!"

ಸಾಹೇಬರು ಚೀಟಿ ತೆಗೆದರು. ಬೆಳಗಿನ ಒಂದೊಂದು ಉತ್ತರವನ್ನೂ ಅದರ ಹಿಂದಿನ ಪ್ರಶ್ನೆಗೆ ಸರಿಸಿ ಜೋಡಿಸಿದರು. ಎಲ್ಲವೂ ಕರಾರುವಾಕ್ಕಾಗಿ ಕೂತವು. ಹೆಂಡತಿಯ ಕಡೆ ತಿರುಗಿದರು.

"ನಿಂಗೆ ಗೊತ್ತಿತ್ತಾ?"

"ಕಾಯ್ಬೇಕು ಅಂತ ಹೇಳಿರ್ಲಿಲ್ವಾ? ನಡುವೆ ಬಾಯಿ ಹಾಕಿದ್ರೆ ನಿಮ್ಮ ಸೆಕೆಂಡು ಪೋಲಾಗ್ತಿತ್ತಲ್ಲ!"

ಆಕೆ ಆಗಲೇ ಸ್ಟೂಲು ಹತ್ತಿ ಮೊದಲನೇ ಗಡಿಯಾರದ ಲೋಲಕ ಹಿಡಿದಿದ್ದಳು.

"ಹಲೋ? ಅಳಿಯಂದಿರೇ? ಸಂತೋಷ ಆಯ್ತು ತಾನೇ? ಹಲೋ, ಇದೇನು ಈ ಲೈನು ಇಷ್ಟು ತಡ ಮಾಡ್ತಿದೆ?" ಎಂದು ಅತ್ತೆ ಕೂಗುತ್ತಿದ್ದರು.

ಪಾಪ, ಈ ಸಲ ಲೈನಿನದು ಏನೂ ತಪ್ಪಿರಲಿಲ್ಲ.