ಈಶಾನನ ಹೊಟ್ಟೆ

ಎಲ್ಲದಕ್ಕೂ ಮೂಲ ಕೇಸರಿಬಾತು. ಹೆಣ್ಣಿನ ಮನೆಯವರು ಅದನ್ನು ತಂದಿಟ್ಟ ಕೂಡಲೇ ಈಶಾನನ ಹೊಟ್ಟೆ ಗುಡುಗುತ್ತಿತ್ತು; ಹುಡುಗಿ ಹೊರಗೆ ಬರುವಷ್ಟರಲ್ಲಿ ಹುಡುಗ ಹಿತ್ತಲಿನಲ್ಲಿ. ಹೀಗೆ ಮೂರು ಸಂಬಂಧ ತಪ್ಪಿದ್ದವು. ನಾಲ್ಕನೆಯದು ನಾಳೆ, ನರಸಿಂಹರಾಜಪುರದಲ್ಲಿ. ವಯಸ್ಸು ಮೂವತ್ತೇಳು. ಇದೂ ತಪ್ಪಿದರೆ ಇನ್ನೊಂದು ತರುವುದಿಲ್ಲವೆಂದು ದಲ್ಲಾಳಿ ಕೈಮುಗಿದಿದ್ದ.

ಶೃಂಗೇರಿಯಲ್ಲೇ ಡಾಕ್ಟರಿಗೆ ತೋರಿಸಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆಂದು ಗುಟ್ಟಾಗಿ ಕೊಪ್ಪಕ್ಕೆ ಬಂದ. ಕರುಳಿನ ಕಿರಿಕಿರಿಯವರಿಗೆಂದೇ ಅಚ್ಚು ಹಾಕಿಸಿದ ಫಾರಮೊಂದನ್ನು ನರ್ಸ್ ಕೊಟ್ಟಳು. ಹೊಟ್ಟೆಯೊಂದನ್ನು ಬಿಟ್ಟು ಮೈಯ ಉಳಿದೆಲ್ಲ ಭಾಗದ ವಿಚಾರಣೆ ಅದರಲ್ಲಿತ್ತು. ಹೆಸರು, ಊರು ಬರೆಯುವಷ್ಟರಲ್ಲಿ ಹೊಟ್ಟೆಯೊಳಗಿನಿಂದ ಕರೆ ಬಂತು. ಫಾರಮನ್ನು ಪಕ್ಕದ ಹೆಂಗಸಿನ ಕೈಗೆ ತುರುಕಿ ಓಡಿದ.

ಕಕ್ಕಸಿನ ಬಾಗಿಲು ಹಾಕಿತ್ತು. ತಟ್ಟಿದ.

"ಇನ್ನೂ ಹತ್ತು ನಿಮಿಷ," ಎಂದಿತು ಹೆಣ್ಣುದನಿ.

"ಅಷ್ಟೊತ್ತು ತಡೆಯಕ್ಕಾಗಲ್ಲ ಮಾರಾಯ್ರೇ!"

"ನಾನೂ ತಡೆಯಕ್ಕಾಗದೇ ಬಂದಿದ್ದು."

ಹಲ್ಲು ಕಚ್ಚಿಕೊಂಡು ವಾಪಸು ಬಂದರೆ, ಬೆಂಚಿನವರೆಲ್ಲ ಸೇರಿ ಅವನ ಫಾರಮು ತುಂಬಿಸುತ್ತಿದ್ದರು.

"ತಲೆನೋವು ಉಂಟಾ ಅಂತ ಕೇಳಿದಾರೆ," ಎಂದರು ಆ ಹೆಂಗಸು.

"ಹೌದು ಅಂತ ಹಾಕಿ," ಎಂದರು ಮಂಡಿನೋವಿಗೆ ಬಂದಿದ್ದ ಶಂಕರಮ್ಮ. "ಮುಖ ನೋಡಿದ್ರೆ ಗೊತ್ತಾಗಲ್ವಾ?"

"ಸೊಂಟನೋವು? ಸುಸ್ತು? ನಿದ್ರೆ ಬರಲ್ವಾ?"

"ಎಲ್ಲಾ ಹಾಕಿ," ಎಂದರು ಚಪ್ಪಲಿ ಅಂಗಡಿಯ ಬಷೀರ್ ಸಾಬರು. "ಕಮ್ಮಿ ಹಾಕಿದ್ರೆ ಡಾಕ್ಟ್ರು ಸರಿಯಾಗಿ ನೋಡಲ್ಲ."

ಈಶಾನನಿಗೆ ಸಿಟ್ಟು ನೆತ್ತಿಗೇರಿತು. ದುಃಖವೆಂದರೆ, ಅವರು ಬರೆದದ್ದೆಲ್ಲ ನಿಜವಾಗಿತ್ತು.

ಹೆಂಗಸು ಕನ್ನಡಕ ಸರಿಮಾಡಿಕೊಂಡರು. "ಈಶಾನ, ಶೃಂಗೇರಿ... ಅಯ್ಯೋ, ನಾಳೆ ಹೆಣ್ಣು ನೋಡಕ್ಕೆ ಬರೋರು ನೀವೇಯಾ? ನಾನು ಗಂಗಾಂಬಿಕೆ. ಹುಡುಗಿಯ ಸೋದರತ್ತೆ!"

ಮಾನ ಹೋಯಿತೆಂದು ಈಶಾನ ಗೋಡೆಗೊರಗಿದ. ಆಗ ಕಕ್ಕಸಿನ ಬಾಗಿಲು ತೆರೆಯಿತು.

"ಇವಳೇ ನಮ್ಮ ಶ್ರೀವಾಣಿ," ಎಂದರು ಅತ್ತೆ. "ಇವಳಿಗೂ ಇದೇ ಕಾಯಿಲೆ. ಆರು ವರ್ಷ ಆತು."

ಕಕ್ಕಸಿನ ಅವಸರವೂ ಮರೆತು ಈಶಾನನಿಗೆ ಅಳುವಷ್ಟು ಸಂತೋಷವಾಯಿತು. ತನ್ನ ಕಷ್ಟ ತಿಳಿಯುವ ಜೀವವೊಂದು ಭೂಮಿಯ ಮೇಲಿತ್ತು, ನೋಡಲೂ ಚೆನ್ನಾಗಿತ್ತು. ಶ್ರೀವಾಣಿಯೂ ಅವನನ್ನು ಕರುಣೆಯಿಂದಲೇ ನೋಡಿದಳು.

"ನಿಮ್ಮನೇಲಿ ಕಕ್ಕಸು ಎಷ್ಟು?"

"ಒಂದು."

"ಹಂಗಾರೆ ನಾಳೆ ಬರೋದು ಬೇಡ. ನಮ್ಮಿಬ್ರಿಗೆ ಅದು ಸಾಲಲ್ಲ."

"ಇನ್ನೊಂದು ಕಟ್ಟಿಸಿದ್ರಾತು! ನಾವಿಬ್ರೂ ಹೊಂದಿಕೊಂಡು..."

ಮಾತು ಮುಗಿಯಲಿಲ್ಲ. ಇಬ್ಬರೂ ಒಟ್ಟಿಗೇ ಹೊಟ್ಟೆ ಹಿಡಿದುಕೊಂಡರು, ಒಟ್ಟಿಗೇ ಓಡಿದರು. ಚಿಲಕ ಹಾಕಿಕೊಂಡದ್ದು ಶ್ರೀವಾಣಿ.