ರಿಡಂಡೆನ್ಸಿ ಎಂಬ ವಿಭಾಗ ಎಲ್ಲಿದೆ?

ಬ್ರೆಡ್ ಕಾರ್ಖಾನೆಯ ಸಿಬ್ಬಂದಿ ಮ್ಯಾನೇಜರ್ ಅವರ ಸನ್ನಿಧಿಗೆ,

ಮಾನ್ಯರೇ,

ಒಂದೇ ಮಾತಿನಲ್ಲಿ ಆಳನ್ನು ಮಾಯ ಮಾಡಬಲ್ಲ ತಮಗೆ, ತಮ್ಮ ಕಾರ್ಖಾನೆಯ ದೊಡ್ಡ ಒಲೆಯನ್ನು ನೋಡಿಕೊಳ್ಳುತ್ತಿದ್ದವರ ಮಗಳು ಮಾಡುವ ಸವಿನಯ ನಮಸ್ಕಾರಗಳು.

ಕಳೆದ ಶನಿವಾರ ತಾವು ನನ್ನ ಅಪ್ಪನನ್ನು ಕೋಣೆಗೆ ಕರೆಸಿ, ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ಕೈಕುಲುಕಿ, "ನಿಮ್ಮ ಹೆಸರು ರಿಡಂಡೆನ್ಸಿಯಲ್ಲಿ ಬಂದಿದೆ" ಎಂದಿರಿ. ಅದು ಯಾವುದೋ ಹೊಸ ವಿಭಾಗವೆಂದೇ ತಿಳಿದ ಅಪ್ಪ ಬೀದಿಯುದ್ದಕ್ಕೂ ನಗುತ್ತ ಮನೆಗೆ ಬಂದರು. "ಬೆಂಕಿ ಮುಂದೆ ನಿಲ್ಲೋದು ತಪ್ತು ಕಣಮ್ಮ, ಇನ್ನೇನಿದ್ರೂ ಕೂತು ಮಾಡೋ ಕೆಲಸ" ಎಂದರು. ಅತ್ತೆಯಂತೂ "ಕೊನೆಗೂ ನನ್ನ ತಮ್ಮನಿಗೊಂದು ಕುರ್ಚಿ ಸಿಕ್ತು" ಎಂದು ನೆರೆಹೊರೆಗೆಲ್ಲ ಡಂಗುರ ಸಾರಿಬಿಟ್ಟರು.

ಸೋಮವಾರ ಗೇಟಿನ ಕಾವಲುಗಾರ ನೆಲ ನೋಡುತ್ತ, "ಅಣ್ಣಾ, ನಿಮ್ಮನ್ನ ಒಳಗೆ ಬಿಡಬಾರದಂತೆ" ಎಂದನಂತೆ. ಅಪ್ಪ ಅವನಿಗೇ ಸಮಾಧಾನ ಹೇಳಿದರಂತೆ: "ನಿನಗೆ ಗೊತ್ತಿಲ್ಲ ಮಾರಾಯ, ನಾನೀಗ ರಿಡಂಡೆನ್ಸಿ." ಹಿಂದೆ ನಿಂತಿದ್ದವರು ನಕ್ಕರು. ಯಾಕೆ ನಕ್ಕರೆಂದು ಅಪ್ಪ ಮನೆಗೆ ಬಂದು ನನ್ನನ್ನು ಕೇಳಿದರು.

ನಿಘಂಟು ತೆರೆದೆ. ಅರ್ಥ: ಅಗತ್ಯಕ್ಕಿಂತ ಹೆಚ್ಚಾಗಿ ಬೇಡವಾದದ್ದು. ಮೂಲ: ಲ್ಯಾಟಿನ್; ಅಲೆಯುಕ್ಕಿ ದಡ ಮೀರಿ ಹರಿಯುವುದು. ಬಳಕೆಯ ವಿಷಯದಲ್ಲಿ ಮಾತ್ರ ತಮ್ಮ ಕಾಲ ಧೂಳಿಗೂ ನಿಘಂಟಿನವರು ಸಮರಲ್ಲ. "ನಿನ್ನನ್ನು ಕೆಲಸದಿಂದ ತೆಗೆದಿದ್ದೇವೆ" ಎಂಬ ಒರಟು ಮಾತನ್ನು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಆಡಿ, ಕೇಳಿದವನಿಂದಲೇ ಧನ್ಯವಾದ ಹೇಳಿಸಿಕೊಳ್ಳುವ ಪಾಂಡಿತ್ಯ ಅವರಿಗೆಲ್ಲಿಂದ ಬರಬೇಕು? ಆದರೂ ನನ್ನದೊಂದು ಸಂದೇಹ. ಎರಡನೆಯ ಸಲ ಬಡಿಸಲು ಹೋದರೆ ತಟ್ಟೆಗೆ ಕೈ ಅಡ್ಡ ಹಿಡಿಯುವ ನನ್ನ ಅಪ್ಪ ಎಲ್ಲಿ, ಯಾವಾಗ ಉಕ್ಕಿದರು?

ಆದ್ದರಿಂದ ತಾವು ಕೃಪೆಯಿಟ್ಟು ರಿಡಂಡೆನ್ಸಿ ಎಂಬ ವಿಭಾಗವನ್ನು ನಿಜವಾಗಿಯೂ ತೆರೆದು, ತಾವೇ ಅದರ ಮುಖ್ಯಸ್ಥರಾಗಬೇಕು. ಅದು ಕಷ್ಟವಾದರೆ, ನಮ್ಮ ಬೀದಿಗೆ ದಯಮಾಡಿಸಿ, ಆ ಪದದ ಅರ್ಥವನ್ನು ಅತ್ತೆಗೂ ನೆರೆಹೊರೆಯವರಿಗೂ ಮನೆಮನೆಗೆ ಹೋಗಿ ಬಿಡಿಸಿ ಹೇಳಬೇಕು. ಅಪ್ಪನಿಗೆ ಹೇಳುವ ಕೆಲಸ ತಮಗಿಲ್ಲ. ಅದನ್ನು ನಾನೇ ಮಾಡಿದ್ದೇನೆ. ಅಂದಿನಿಂದ ಅವರು ಹೊಸಿಲು ದಾಟಿಲ್ಲ.

ಇಂತಿ, ಅಗತ್ಯಕ್ಕಿಂತ ತುಸು ಹೆಚ್ಚೇ
ತಮ್ಮ ವಿಶ್ವಾಸಿ,
ಒಲೆಯವರ ಮಗಳು

ತಾ.ಕ.: ಬೀಳ್ಕೊಡುಗೆ ಸಮಾರಂಭಕ್ಕೆ ಬಂದು, ಫೋಟೋಗೆ ನಿಂತು, ಕಾರ್ಖಾನೆಯ ಬಗ್ಗೆ ಎರಡು ಒಳ್ಳೆಯ ಮಾತಾಡಬೇಕೆಂದು ತಮ್ಮ ಕಚೇರಿಯಿಂದ ನಿನ್ನೆ ಫೋನ್ ಬಂದಿತ್ತು. ಅಪ್ಪನ ಉತ್ತರ: "ಬರಲ್ಲ." ಇದು ಅಪ್ಪಟ ಕನ್ನಡ, ನಿಘಂಟು ನೋಡುವ ಶ್ರಮ ತಮಗೆ ಬೇಡ.